ಮುರಿದ ರೆಕ್ಕೆಯ ವ್ಯಾಪಾರ

ತನಗೆ ಟೋಪಿ ಹಾಕುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೂ ಅವರ ಹಾಲುಹಲ್ಲು ಇನ್ನೂ ಉದುರಿರಲಿಕ್ಕಿಲ್ಲ ಎಂಬುದು ಜಲ್ಲಿ ಸಾಹುಕಾರರ ದೃಢವಾದ ನಂಬಿಕೆ. ಜಲ್ಲಿ, ಮರಳು, ಇಟ್ಟಿಗೆ ಮಾರುವ ಅವರ ಯಾರ್ಡಿಗೆ ಬರುವ ಗಿರಾಕಿಗಳೆಲ್ಲ ಒಂದೊಂದು ಕಥೆ ಕಟ್ಟಿಕೊಂಡೇ ಬರುತ್ತಾರೆ. ಎಷ್ಟೋ ಸಲ ಕಟ್ಟುವ ಮನೆಗಿಂತ ಕಟ್ಟಿದ ಕಥೆಯ ಪಾಯವೇ ಗಟ್ಟಿ. ಸಾಹುಕಾರರು ಎಲ್ಲವನ್ನೂ ಸಮಾಧಾನವಾಗಿ ಕೇಳಿ, ಟೀ ಕುಡಿಸಿ, ಮೊದಲು ಹೇಳಿದ ದರವನ್ನೇ ಇನ್ನೊಮ್ಮೆ ಹೇಳುತ್ತಾರೆ.

ಒಬ್ಬನಂತೂ ಬಲಗೈಗೆ ಬ್ಯಾಂಡೇಜು ಸುತ್ತಿ, ಅದನ್ನು ಕೊರಳಿಗೆ ತೂಗುಹಾಕಿಕೊಂಡು ಬಂದಿದ್ದ. ಆಸ್ಪತ್ರೆ ಖರ್ಚಿನಲ್ಲಿ ಕೈ ಬರಿದಾಗಿದೆ, ದರದಲ್ಲಿ ದಯೆ ತೋರಬೇಕು ಎಂದ. ಸಾಹುಕಾರರು ಅವತ್ತು ಏನೂ ಅನ್ನಲಿಲ್ಲ. ಮುಂದಿನ ಲೋಡಿಗೆ ಅದೇ ಮನುಷ್ಯ ಬಂದಾಗ ಬ್ಯಾಂಡೇಜು ಎಡಗೈಯಲ್ಲಿತ್ತು.

"ಏನಪ್ಪಾ, ನೋವು ಆ ಕೈಯಿಂದ ಈ ಕೈಗೆ ವರ್ಗವಾಯ್ತಾ?" ಎಂದು ಸಾಹುಕಾರರು ಕೇಳಿದರು. ಅವನು ಎರಡೂ ಕೈ ಬೀಸಿಕೊಂಡು ಹೋದವನು ಮತ್ತೆ ಬರಲಿಲ್ಲ.

ಈ ಕಥೆಯನ್ನು ಸಾಹುಕಾರರು ಊಟಕ್ಕೆ ಕೂತಾಗ ಹೇಳುತ್ತಾರೆ, ಊಟವಾದ ಮೇಲೆ ಹೇಳುತ್ತಾರೆ, ನೆಂಟರು ಬಂದರೆ ಮೊದಲಿನಿಂದ ಹೇಳುತ್ತಾರೆ. ಹೇಳಿ ಮುಗಿಸಿ, "ಕುಂಟುವವನ ಕಾಲು ನೋಡಬಾರದು, ಕಣ್ಣು ನೋಡಬೇಕು" ಎಂಬ ನೀತಿಯನ್ನೂ ಪುಕ್ಕಟೆಯಾಗಿ ಕೊಡುತ್ತಾರೆ. ಅವರು ಪುಕ್ಕಟೆ ಕೊಡುವ ಸರಕು ಅದೊಂದೇ.

ಊರಿಗೆಲ್ಲ ಸಾಹುಕಾರರಾದವರು ಮನೆಯ ಹೊಸ್ತಿಲು ದಾಟಿದರೆ ಕೊನೆಯ ಬೆಂಚಿನ ಹುಡುಗ. ಕಾರಣ, ಅವರ ಹೆಂಡತಿ ಹೈಸ್ಕೂಲಿನ ಗಣಿತದ ಟೀಚರು. ಓಣಿಯವರೆಲ್ಲ ಆಕೆಯನ್ನು ಟೀಚರಮ್ಮ ಎನ್ನುತ್ತಾರೆ. ಧ್ವನಿ ಏರಿಸುವವರಲ್ಲ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುತ್ತಾರೆ. ಆ ಕಾಯುವಿಕೆಯನ್ನು ತಡೆಯಲಾರದೆ ಎಷ್ಟೋ ಮಕ್ಕಳು ಮಾಡದ ತಪ್ಪನ್ನೂ ಒಪ್ಪಿಕೊಂಡದ್ದುಂಟು.

ಟೀಚರಮ್ಮನಿಗಿದ್ದ ಹುಚ್ಚು ಒಂದೇ: ಹಕ್ಕಿ. ಬೇಸಿಗೆ ರಜೆ ಬಂತೆಂದರೆ ಭಾನುವಾರ ಬೆಳಕು ಹರಿಯುವ ಮುಂಚೆಯೇ ಹೆಗಲಿಗೆ ದೂರದರ್ಶಕ, ಕಂಕುಳಲ್ಲಿ ಅದರ ಮೂರು ಕಾಲಿನ ಸ್ಟ್ಯಾಂಡು ಸಿಕ್ಕಿಸಿಕೊಂಡು ಊರಿನ ಹಕ್ಕಿ ಬಳಗದ ಜೊತೆ ಕೆರೆಗೆ ಹೊರಟುಬಿಡುವರು. ಆ ಬಳಗದ ಮುಖಂಡರು ಒಬ್ಬ ಹಲ್ಲಿನ ಡಾಕ್ಟರು. ಎದುರಿನವರ ಬಾಯಿ ತೆರೆಸಿ, ಮಾತನ್ನು ಮಾತ್ರ ತಾವೇ ಆಡುವ ಅಭ್ಯಾಸ ಅವರಿಗೆ ಕಸುಬಿನಿಂದಲೇ ಬಂದದ್ದು.

ಈ ಬಳಗಕ್ಕೆ ಬಹುಕಾಲದಿಂದ ಕೈಗೆ ಸಿಗದೆ ಆಟವಾಡಿಸುತ್ತಿದ್ದ ಒಂದು ಹಕ್ಕಿಯಿತ್ತು. ಪಟ್ಟೆ ಗೊರವ. ಹಿಡಿಯಷ್ಟು ಗಾತ್ರ, ಮಣ್ಣಿನ ಬಣ್ಣ, ಬಿಳಿ ಹೊಟ್ಟೆ, ಕೊರಳಿಗೊಂದು ಕಪ್ಪು ಪಟ್ಟಿ. ಚಳಿಗಾಲದಲ್ಲಿ ಕೆರೆಯ ಅಂಚಿನಲ್ಲಿ ಪುಟುಪುಟು ಓಡಾಡಿ, ಬೇಸಿಗೆ ಬಂದೊಡನೆ ಮಾಯ. ಮೊಟ್ಟೆಯಿಡುವುದು ಎಲ್ಲಿ? ಆ ಊರಿನಲ್ಲಿ ಅದರ ಗೂಡು ಕಂಡವರೇ ಇಲ್ಲ.

"ಕೆರೆಯಲ್ಲಿಲ್ಲದ ಗೂಡು ಊರಲ್ಲಿ ಇನ್ನೆಲ್ಲೂ ಇಲ್ಲ" ಎಂದು ಹಲ್ಲಿನ ಡಾಕ್ಟರು ಷರಾ ಬರೆದುಬಿಟ್ಟಿದ್ದರು. ಟೀಚರಮ್ಮ ಈ ಸಲ ತಿರುಗಿ ಬಿದ್ದರು. "ಎಲ್ಲರೂ ನೋಡೋ ಜಾಗದಲ್ಲಿ ಇಲ್ಲ ಅಂದ್ರೆ, ಯಾರೂ ನೋಡದ ಜಾಗದಲ್ಲಿ ಇರಬೇಕು. ಹಾಳುಬಿದ್ದ ಕಲ್ಲಿನ ಕ್ವಾರಿ, ಒಣಗಿದ ಕುಂಟೆ, ಮುಚ್ಚಿದ ಗಿರಣಿಯ ಚಾವಣಿ, ಅರ್ಧಕ್ಕೆ ನಿಂತ ರಸ್ತೆ. ಅದಕ್ಕೆ ಬೇಕಾದ್ದು ಬರೀ ಬಟ್ಟಬಯಲು, ಒಂದಿಷ್ಟು ಕಲ್ಲು." ಬಳಗದವರು ನಕ್ಕರು. ಡಾಕ್ಟರು ಹಲ್ಲು ಕಾಣದಂತೆ ನಕ್ಕರು. ಅದು ಇನ್ನೂ ಕೆಟ್ಟದಾಗಿತ್ತು.

ಮನೆಗೆ ಬಂದು ಟೀಚರಮ್ಮ ಇದನ್ನು ಹೇಳಿಕೊಂಡಾಗ ಸಾಹುಕಾರರು ಪತ್ರಿಕೆ ಮಡಚಿಟ್ಟರು.

"ಒಂದು ಗೂಡು ಹುಡುಕೋಕೆ ಇಷ್ಟು ಜನ, ಇಷ್ಟು ವರ್ಷ! ನನಗೊಂದು ವಾರ ಕೊಡು ಇವಳೇ. ಹುಡುಕಿ ತೋರಿಸ್ತೀನಿ."

"ನಿಮಗೆ ಬೀರುವಿನಲ್ಲಿರೋ ನಿಮ್ಮ ಬನಿಯನ್ನೇ ಸಿಗಲ್ಲ."

"ಬನಿಯನ್ನು ಬೇರೆ, ವ್ಯವಹಾರ ಬೇರೆ. ನೀವು ಹಕ್ಕಿ ಹಿಂದೆ ಹೋಗ್ತೀರಿ. ನಾನು ಹಕ್ಕಿ ಥರ ಯೋಚನೆ ಮಾಡ್ತೀನಿ. ಮಾಲು ಎಲ್ಲಿ ಇಡಬೇಕು ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಸರಿ. ಏನು ಪಂದ್ಯ?"

ಸಾಹುಕಾರರು ಗಂಟಲು ಸರಿಮಾಡಿಕೊಂಡರು. "ಗೂಡು ಮೊದಲು ನಾನು ಕಂಡರೆ, ಈ ಬೇಸಿಗೆಯ ಭಾನುವಾರಗಳೆಲ್ಲ ನನ್ನವು. ನೀನು ಮನೇಲಿರಬೇಕು."

ಹೀಗೆಂದದ್ದರ ಹಿಂದೆ ಇನ್ನೊಂದು ಸತ್ಯವಿತ್ತು. ಹೆಂಡತಿ ಇಲ್ಲದ ಭಾನುವಾರದ ಮನೆಯಲ್ಲಿ ಸಾಹುಕಾರರೂ ಅವರ ತಾಯಿಯೂ ಎದುರುಬದುರು ಕೂತು ಗಡಿಯಾರ ನೋಡುತ್ತಿದ್ದರು. ಆದರೆ "ನೀನಿಲ್ಲದೆ ಬೇಜಾರು" ಎಂದು ಬಾಯಿಬಿಟ್ಟು ಹೇಳಿದರೆ ಮಾರುಕಟ್ಟೆಯಲ್ಲಿ ದರ ಬಿದ್ದುಹೋಗುತ್ತದೆ ಎಂಬುದು ವ್ಯಾಪಾರಿಯ ಲೆಕ್ಕಾಚಾರ.

"ನಾನು ಮೊದಲು ಕಂಡರೆ?" ಎಂದರು ಟೀಚರಮ್ಮ.

"ಪ್ರತಿ ಭಾನುವಾರ ನಿನ್ನ ಸ್ಟ್ಯಾಂಡು ಹೊತ್ಕೊಂಡು ಹಿಂದೆ ಬರ್ತೀನಿ."

"ಮಾತಾಡದೆ ಬರಬೇಕು."

ಸಾಹುಕಾರರು ಇಲ್ಲಿ ಸ್ವಲ್ಪ ಹಿಂದೆ ಮುಂದೆ ನೋಡಿದರು. ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ತಾಯಿ ಕಣ್ಣು ತೆರೆಯದೆಯೇ, "ಒಪ್ಕೋ ಕಣೋ. ತೀರ್ಪು ನಾನು ಹೇಳ್ತೀನಿ" ಎಂದರು. ಒಪ್ಪಂದವಾಯಿತು.

ಮರುದಿನವೇ ಸಾಹುಕಾರರು ತಮ್ಮ ಜಾಲ ಬೀಸಿದರು. ಊರಿನ ಮೂಲೆಮೂಲೆಗೂ ಹೋಗಿಬರುವ ಟಿಪ್ಪರ್ ಡ್ರೈವರುಗಳಿಗೆಲ್ಲ ಫೋನು ಮಾಡಿ, "ಕೊರಳಿಗೆ ಕಪ್ಪು ಪಟ್ಟಿ ಇರೋದು ಎಲ್ಲಾದ್ರೂ ಕಂಡರೆ ತಕ್ಷಣ ನನಗೆ ತಿಳಿಸಬೇಕು" ಎಂದು ಅಪ್ಪಣೆ ಕೊಟ್ಟರು. ಮಧ್ಯಾಹ್ನದೊಳಗೆ ಮೊದಲ ಕರೆ ಬಂತು.

"ಸಿಕ್ಕಿದೆ ಸಾಹುಕಾರ್ರೇ. ಕಪ್ಪು ಪಟ್ಟಿ ಸರಿಯಾಗಿ ಕೊರಳಲ್ಲೇ ಇದೆ."

"ಎಲ್ಲಿ, ಏನು ಮಾಡ್ತಿದೆ?"

"ಬೊಗಳ್ತಿದೆ."

ಎರಡನೆಯ ಕರೆಯಲ್ಲಿ ಅದು ಹುಂಜವಾಗಿತ್ತು. ಮೂರನೆಯದರಲ್ಲಿ ಕಪ್ಪು ಟೈ ಕಟ್ಟಿದ ಒಬ್ಬ ವಕೀಲರಾಗಿದ್ದರು. ಅದು ಬೇಕೆಂದೇ ಮಾಡಿದ ಕೀಟಲೆ ಎಂದು ಸಾಹುಕಾರರಿಗೆ ಇಂದಿಗೂ ಗುಮಾನಿ. ಕೊನೆಗೆ, ಊಟ ತನ್ನ ಬಾಯಲ್ಲೇ ಮಾಡಬೇಕು ಎಂದುಕೊಂಡು ಯಾರ್ಡಿನ ಕೆಲಸ ಮುಗಿಸಿ ಸಂಜೆ ಸಂಜೆ ತಾವೇ ಹೊರಟರು.

ಇಲ್ಲಿಂದ ಮುಂದೆ ನಡೆದದ್ದನ್ನು ಸಾಹುಕಾರರೇ ನಿರೀಕ್ಷಿಸಿರಲಿಲ್ಲ. ಹಳೆಯ ಕ್ವಾರಿಗೆ ಇಳಿಯುವಾಗ ಜಾರಿ, ಪ್ಯಾಂಟಿನ ಹಿಂಭಾಗವನ್ನು ಕಲ್ಲಿಗೆ ಕೊಟ್ಟು, ಕೆಳಗೆ ತಲುಪಿ ತಲೆಯೆತ್ತಿದರೆ ಮಣ್ಣಿನ ಗೋಡೆಯ ತುಂಬ ತೂತುಗಳು. ಒಂದೊಂದು ತೂತಿನಿಂದಲೂ ಒಂದೊಂದು ಹಸಿರು ಕಳ್ಳಿಪೀರ ಬಾಣದಂತೆ ಹೊರಬಂದು, ಗಾಳಿಯಲ್ಲೇ ದುಂಬಿ ಹಿಡಿದು, ಮತ್ತೆ ತನ್ನದೇ ತೂತಿಗೆ ಸರಿಯಾಗಿ ನುಗ್ಗುತ್ತಿತ್ತು. ಬೋರ್ಡಿಲ್ಲ, ನಂಬರಿಲ್ಲ, ಒಂದೂ ಬಾಗಿಲು ತಪ್ಪುತ್ತಿರಲಿಲ್ಲ. ತಮ್ಮ ಗೋಡೌನಿನಲ್ಲಿ ಒಂದು ಮೂಟೆ ಸಿಮೆಂಟು ಹುಡುಕಲು ಅರ್ಧ ದಿನ ಹಿಡಿಯುವುದನ್ನು ನೆನೆದು ಸಾಹುಕಾರರು ಸುಮ್ಮನೆ ನಿಂತರು.

ಇನ್ನೊಂದು ಸಂಜೆ ಚರಂಡಿಯ ಸೇತುವೆಯ ಕೆಳಗೆ ಬಗ್ಗಿ ನೋಡಿದರೆ ಅಂಬರಗುಬ್ಬಿಗಳು ಕೆಸರಿನ ಉಂಡೆ ತಂದು ತಂದು ಬಟ್ಟಲು ಕಟ್ಟುತ್ತಿದ್ದವು. ಸಾಹುಕಾರರು ಉದುರಿದ ಒಂದು ಚೂರನ್ನು ಎತ್ತಿ ಬೆರಳಲ್ಲಿ ಪುಡಿಮಾಡಿ, ಮೂಸಿ, ತಲೆದೂಗಿದರು.

"ಏನು ಹದ ಇವಳೇ!" ಎಂದರು ಮನೆಗೆ ಬಂದು. "ನೀರು ಒಂದು ತೊಟ್ಟು ಹೆಚ್ಚಿಲ್ಲ, ಕಡಿಮೆ ಇಲ್ಲ. ನಮ್ಮ ಮೇಸ್ತ್ರಿಗಳನ್ನೆಲ್ಲ ಅಲ್ಲಿಗೆ ಟ್ರೇನಿಂಗಿಗೆ ಕಳಿಸಬೇಕು. ಮೇಲಿಂದ ನೇತಾಡೋ ಮನೆ, ಕೆಳಗೊಂದು ಆಸರೆ ಇಲ್ಲ, ಬಿರುಕೂ ಇಲ್ಲ."

ಟೀಚರಮ್ಮ ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. ಗಂಡನ ಬಾಯಿಂದ ಇನ್ನೊಬ್ಬರ ಕೆಲಸದ ಹೊಗಳಿಕೆ ಬಂದದ್ದು ಮದುವೆಯಾದ ಮೇಲೆ ಇದೇ ಮೊದಲು. "ಆದ್ರೆ ಗೊರವ ಸಿಗಲಿಲ್ಲ" ಎಂದರು ಮೆಲ್ಲಗೆ.

"ನಿನಗೂ ಸಿಗಲಿಲ್ಲವಲ್ಲ?"

ಸಿಕ್ಕಿರಲಿಲ್ಲ. ಅವರು ಒಣ ಕುಂಟೆಯಲ್ಲಿ ನಡೆದು ಹಿಮ್ಮಡಿ ಒಡೆಸಿಕೊಂಡಿದ್ದರು. ಗಿರಣಿಯ ಚಾವಣಿ ಹತ್ತಿ ಬಿಸಿಲಿಗೆ ಬಾಡಿದ್ದರು. ಅರ್ಧಕ್ಕೆ ನಿಂತ ರಸ್ತೆಯಲ್ಲಿ ಟಿಟ್ಟಿಭ ಹಕ್ಕಿಗಳಿಂದ ಬೈಸಿಕೊಂಡು ಬಂದಿದ್ದರು. ಗೊರವದ ಸುಳಿವಿಲ್ಲ. ಮಳೆ ಬಂದರೆ ಗೂಡಿನ ಕಾಲ ಮುಗಿಯಿತು, ಡಾಕ್ಟರ ಮಾತೇ ಗೆದ್ದಿತು. ಮೊದಲ ಬಾರಿಗೆ ಟೀಚರಮ್ಮ, "ನನ್ನ ಲೆಕ್ಕ ಎಲ್ಲೋ ತಪ್ಪಿದೆ ಅನ್ಸುತ್ತೆ" ಎಂದರು. ಗಣಿತದ ಟೀಚರು ಆಡುವ ಮಾತಲ್ಲ ಅದು. ಸಾಹುಕಾರರಿಗೆ ಪಂದ್ಯ ಮರೆತು ಸಂಕಟವಾಯಿತು.

ಹೀಗಿರುವಾಗ ವಾರ ತುಂಬುವ ಶನಿವಾರ ಬಂತು. ಅದೇ ಸಂಜೆ ಸಾಹುಕಾರರಿಗೆ ಒಂದು ಮನೆವ್ಯವಹಾರವೂ ಇತ್ತು. ಟೀಚರಮ್ಮನ ಸ್ವಂತ ತಮ್ಮ ಮನೆ ಕಟ್ಟಿಸುತ್ತಿದ್ದ. ಸೋಮವಾರ ತಾರಸಿ ಹಾಕಬೇಕು. ಜಲ್ಲಿ ಭಾವನ ಯಾರ್ಡಿನಿಂದಲೇ. "ಒಳ್ಳೇದು ಕಳಿಸಿ ಭಾವ" ಎಂದಿದ್ದ. "ಹೇಳಬೇಕಾ?" ಎಂದಿದ್ದರು ಭಾವ.

ಯಾರ್ಡಿನ ಹಿಂದಿನ ಮೂಲೆಯಲ್ಲಿ ಒಂದು ಹಳೆಯ ರಾಶಿಯಿತ್ತು. ದಪ್ಪ ಜಲ್ಲಿ, ಸಣ್ಣ ಜಲ್ಲಿ, ಕಲ್ಲಿನ ಚಕ್ಕೆ, ಎಲ್ಲ ಕಲಬೆರಕೆ. ಯಾವ ಮೇಸ್ತ್ರಿಯೂ ಒಪ್ಪದೆ ಹೋದ ವರ್ಷದಿಂದ ಅಲ್ಲೇ ಬಿದ್ದು, ಹರಡಿ, ಚಪ್ಪಟೆಯಾಗಿ ಕೂತಿತ್ತು. ಅತ್ತ ಯಾರೂ ಸುಳಿಯುತ್ತಿರಲಿಲ್ಲ. 'ನಮ್ಮ ಕಷ್ಟಕ್ಕೆ ನಮ್ಮವರೇ ಆಗದಿದ್ದರೆ ಇನ್ನಾರು ಆಗಬೇಕು' ಎಂಬ ಉದಾತ್ತ ವಿಚಾರದಿಂದ ಸಾಹುಕಾರರು ಆ ರಾಶಿಯನ್ನು ಭಾವಮೈದುನನಿಗೆ ನಿಗದಿ ಮಾಡಿದ್ದರು. ಚಹಾ ಕುಡಿದು ಬಂದು ಅದನ್ನು ತುಂಬುವಂತೆ ಲೋಡರಿನ ಡ್ರೈವರಿಗೆ ಹೇಳಿ, ತಾವು ಒಮ್ಮೆ ನೋಡಿಬರಲು ಹಿಂದಕ್ಕೆ ಹೋದರು.

ರಾಶಿಯ ಹತ್ತಿರ ಬರುತ್ತಿದ್ದಂತೆ ಕಾಲ ಬುಡದಲ್ಲೇ ಎಂಬಂತೆ ಏನೋ ಚೀರಿತು. ನೋಡಿದರೆ ಒಂದು ಪುಟ್ಟ ಹಕ್ಕಿ. ಒಂದು ರೆಕ್ಕೆ ಮುರಿದು ನೆಲಕ್ಕೆ ಜೋತುಬಿದ್ದಿದೆ. ಬಾಲ ಹರಡಿಕೊಂಡು, ಒಂದು ಪಕ್ಕಕ್ಕೆ ವಾಲಿ, ನೆಲದಲ್ಲಿ ಎಳೆದಾಡುತ್ತಿದೆ. ಆ ಕೂಗು ಕೇಳಿದರೆ ಕಲ್ಲೂ ಕರಗಬೇಕು. ಕಲ್ಲು ಮಾರುವವರು ಕರಗದಿದ್ದಾರೆಯೇ?

"ಅಯ್ಯೋ ಪಾಪ" ಎಂದರು ಸಾಹುಕಾರರು. ಈ ಶಬ್ದವನ್ನು ಅವರು ಯಾರ್ಡಿನೊಳಗೆ ಉಚ್ಚರಿಸಿದ್ದು ಅದೇ ಮೊದಲು.

ಜೇಬಿನಿಂದ ಕರವಸ್ತ್ರ ತೆಗೆದು, ಮೆಲ್ಲಗೆ ಬಗ್ಗಿ ಮುಂದೆ ಹೋದರು. ಹಕ್ಕಿ ಕೈಗೆ ಸಿಗುವಷ್ಟರಲ್ಲಿ ಕುಂಟುತ್ತ ಎರಡು ಹೆಜ್ಜೆ ಸರಿಯಿತು. ಇವರೂ ಸರಿದರು. ಅದು ಮತ್ತೆ ಬಿತ್ತು, ಹೊರಳಿತು, ತಿರುಗಿ ಇವರತ್ತ ಒಮ್ಮೆ ನೋಡಿತು. ಗಿರಾಕಿ ಬರುತ್ತಿದ್ದಾನೋ ಇಲ್ಲವೋ ಎಂದು ನೋಡುವ ನೋಟವದು. ಆದರೆ ಸಾಹುಕಾರರ ಕಣ್ಣೆಲ್ಲ ರೆಕ್ಕೆಯ ಮೇಲೆ. ಮರಳಿನ ಗುಡ್ಡೆ ಸುತ್ತಿದರು, ಇಟ್ಟಿಗೆಯ ಸಾಲು ದಾಟಿದರು, ಪೈಪುಗಳ ನಡುವೆ ನುಸುಳಿದರು. ಪ್ರತಿ ಸಲವೂ ಇನ್ನೊಂದೇ ಗೇಣು, ಇನ್ನೊಂದೇ ಗೇಣು. ಕೊನೆಗೆ 'ಈಗ ಸಿಕ್ಕಿತು' ಎಂದು ಕರವಸ್ತ್ರ ಹರಡಿ ಎರಗಿದರು. ಎರಗಿದ ಜಾಗದಲ್ಲಿ ನೆಲವಿರಲಿಲ್ಲ, ಇಟ್ಟಿಗೆ ನೆನೆಸುವ ತೊಟ್ಟಿಯಿತ್ತು. ಎಡಮೊಣಕಾಲು ತೊಟ್ಟಿಯ ಅಂಚಿಗೆ ಬಡಿಯಿತು, ಉಳಿದ ಮೈ ಪೂರ್ತಿ ನೀರಿಗೆ ಬಿತ್ತು. ಒದ್ದಾಡಿ ಎದ್ದು ಆಚೆಗೆ ಕಾಲಿಟ್ಟವರು ಜಾರಿ ಬಿಳಿ ಕಲ್ಲಿನ ಪುಡಿಯ ರಾಶಿಯಲ್ಲಿ ಒಂದು ಸುತ್ತು ಉರುಳಿದರು. ಇನ್ನು ಎಣ್ಣೆಗೆ ಬಿಡುವುದೊಂದೇ ಬಾಕಿ.

ಆಗ ಆ ಹಕ್ಕಿ ಎರಡೂ ರೆಕ್ಕೆಗಳನ್ನು ನೀಟಾಗಿ ಬಿಚ್ಚಿ, ಸಾಹುಕಾರರ ತಲೆಯ ಮೇಲಿಂದ ಒಂದು ಸುತ್ತು ಹಾಕಿ, ಸಿಳ್ಳೆ ಹೊಡೆಯುತ್ತ ಹಾರಿಹೋಯಿತು.

ಮನೆಯ ಬಾಗಿಲಲ್ಲಿ ತಾಯಿ ತಡೆದರು. "ಯಾರಪ್ಪಾ ನೀನು? ಸುಣ್ಣ ಹೊಡೆಯೋಕೆ ಬಂದವನಾದ್ರೆ ನಾಳೆ ಬಾ, ಮನೇಲಿ ಯಜಮಾನರಿಲ್ಲ."

"ಅಮ್ಮಾ, ನಾನೇ. ಎಡಗಾಲು ಹೋಯ್ತು ಕಣಮ್ಮಾ, ನೆಟ್ಟಗೆ ಊರೋಕಾಗ್ತಿಲ್ಲ."

ತಾಯಿ ಮುಲಾಮು ತಂದು ಎಡಮೊಣಕಾಲಿಗೆ ತಿಕ್ಕಿದರು. ಟೀಚರಮ್ಮ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಸಾಹುಕಾರರು ನಡೆದದ್ದನ್ನೆಲ್ಲ ಹೇಳಿದರು. ಹೇಳುತ್ತ ಹೇಳುತ್ತ ಕೋಪವೂ ಬಂತು. "ಮುರಿದೇ ಹೋಗಿದ್ದ ರೆಕ್ಕೆ ಕಣೇ, ನನ್ನ ಕಣ್ಣಾರೆ ನೋಡಿದೀನಿ. ನಾನು ನೀರಿಗೆ ಬಿದ್ದ ಮರುಕ್ಷಣ ವಾಸಿಯಾಗ್ಬಿಟ್ಟಿತು. ಅದೆಂಥ ಹಕ್ಕಿಯೋ!"

ಟೀಚರಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿತು.

"ಎಷ್ಟು ದೊಡ್ಡದಿತ್ತು?"

"ಹಿಡಿಯಷ್ಟು."

"ಬಣ್ಣ?"

"ಮೇಲೆ ಮಣ್ಣಿನ ಬಣ್ಣ. ಹೊಟ್ಟೆ ಬಿಳಿ."

"ಕೊರಳಲ್ಲಿ ಏನಿತ್ತು?"

"ಕೊರಳು ಯಾರು ನೋಡಿದ್ರು? ನಾನು ರೆಕ್ಕೆ ನೋಡ್ತಿ..." ಸಾಹುಕಾರರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಬಿಳಿ ಪುಡಿಯ ನಡುವೆ ಆ ಕೆಂಪು ಬಾಯಿಯನ್ನು ಹಲ್ಲಿನ ಡಾಕ್ಟರು ನೋಡಬೇಕಿತ್ತು. ವಾರವಿಡೀ ಊರಿನ ನಾಯಿ, ಕೋಳಿ, ವಕೀಲರ ಕೊರಳು ನೋಡಿದವರು, ಹಕ್ಕಿಯೇ ಕಾಲ ಬುಡಕ್ಕೆ ಬಂದಾಗ ಕೊರಳೊಂದನ್ನು ಬಿಟ್ಟು ಉಳಿದದ್ದೆಲ್ಲ ನೋಡಿದ್ದರು.

"ಗೂಡಿನ ಹತ್ರ ಯಾರಾದ್ರೂ ಬಂದ್ರೆ ಗೊರವ ಹಾಗೇ ಮಾಡುತ್ತೆ ರೀ" ಎಂದರು ಟೀಚರಮ್ಮ. "ರೆಕ್ಕೆ ಮುರಿದ ಹಾಗೆ ನಟಿಸಿ, ಬಂದವರನ್ನು ಗೂಡಿನಿಂದ ದೂರ ಕರ್ಕೊಂಡು ಹೋಗುತ್ತೆ. ಅಂದ್ರೆ ಗೂಡು ಅದು ಮೊದಲು ಎದ್ದ ಜಾಗದಲ್ಲೇ ಇದೆ. ಎಲ್ಲಿಂದ ಎದ್ದಿತು?"

"ಹಿಂದಿನ ಮೂಲೆಯ ಹಳೇ ರಾ..." ಎಂದು ಶುರುಮಾಡಿದ ಸಾಹುಕಾರರು ಗಕ್ಕನೆ ನಿಲ್ಲಿಸಿದರು. ಆ ರಾಶಿಯ ಮಾತೆತ್ತಿದರೆ ಆಕೆಯ ತಮ್ಮನ ಮಾತು ಬರುತ್ತದೆ. ತಮ್ಮನ ಮಾತು ಬಂದರೆ ಮುಂದಿನದು ಬರುತ್ತದೆ. "ಅಲ್ಲೇ ಎಲ್ಲೋ... ಇಟ್ಟಿಗೆ ಕಡೆ..."

ಟೀಚರಮ್ಮ ಉತ್ತರಕ್ಕೆ ಕಾದರು.

ಆಗಲೇ ಸಾಹುಕಾರರಿಗೆ ಇನ್ನೊಂದು ನೆನಪಾಯಿತು. ಚಹಾ ಕುಡಿದು ಬಂದ ಡ್ರೈವರು ಇಷ್ಟು ಹೊತ್ತಿಗೆ ಲೋಡರಿನ ಬಾಯಿಯನ್ನು ಅದೇ ರಾಶಿಗೆ ಹಾಕುತ್ತಿರಬೇಕು! ಫೋನು ಹಚ್ಚಿದರು. ಎತ್ತಲಿಲ್ಲ, ಆ ಯಂತ್ರದ ಸದ್ದಿನಲ್ಲಿ ಗುಡುಗೂ ಕೇಳಿಸದು. ಒಂದು ಕಡೆ ತಾವು ಮುಚ್ಚಿಟ್ಟ ಗುಟ್ಟು, ಇನ್ನೊಂದು ಕಡೆ ಹೆಂಡತಿ ವರ್ಷಗಟ್ಟಲೆ ಹುಡುಕಿದ ಗೂಡು. ಹೆಂಡತಿಯ ಒಡೆದ ಹಿಮ್ಮಡಿಯತ್ತ ಒಮ್ಮೆ ನೋಡಿದರು.

"ಏಳು ಇವಳೇ, ಸ್ಕೂಟರ್ ತೆಗಿ. ಆ ರಾಶಿನ ಈಗ ತುಂಬ್ತಿದಾರೆ."

"ಯಾರಿಗೆ?"

"ಒಬ್ಬ ಗಿರಾಕಿಗೆ. ನೀನು ಮೊದಲು ತೆಗಿ!"

ಟೀಚರಮ್ಮ ದೂರದರ್ಶಕ ಹೆಗಲಿಗೇರಿಸಿಕೊಂಡು ಓಡಿಸಿದರು. ಸಾಹುಕಾರರು ಹಿಂದೆ ಕೂತು ಸ್ಟ್ಯಾಂಡು ಹಿಡಿದಿದ್ದರು. ಗಾಳಿಗೆ ಅವರ ಮೈಯ ಬಿಳಿ ಪುಡಿ ಬಾಲದಂತೆ ಬೀದಿಯುದ್ದಕ್ಕೂ ಹಾರುತ್ತಿತ್ತು. ದಾರಿಯವರು ಬೆಂಕಿ ಹತ್ತಿದೆಯೆಂದು ಕೂಗಿದರು. ಯಾರ್ಡಿನ ಗೇಟಿನಲ್ಲಿ ಸ್ಕೂಟರ್ ನಿಲ್ಲುವ ಮುಂಚೆಯೇ ಸಾಹುಕಾರರು ಜಿಗಿದು, ಪೈಪುಗಳ ಮೇಲಿಂದ ಹಾರಿ, ಮರಳಿನ ಗುಡ್ಡೆ ಏರಿ ಇಳಿದು, ಎರಡೂ ಕೈ ಎತ್ತಿಕೊಂಡು ಲೋಡರಿನ ಮುಂದೆ ನಿಂತರು. ಇದ್ದಕ್ಕಿದ್ದಂತೆ ಬಿಳಿಯ ಆಕೃತಿಯೊಂದು ಎದುರಾದದ್ದನ್ನು ಕಂಡು ಡ್ರೈವರು ಯಂತ್ರ ನಿಲ್ಲಿಸಿ ಕೈಮುಗಿದ. ಲೋಡರಿನ ಕಬ್ಬಿಣದ ಹಲ್ಲು ರಾಶಿಯ ಅಂಚಿಗೆ ತಾಗಿತ್ತು, ಒಳಗೆ ಇಳಿದಿರಲಿಲ್ಲ.

"ಯಾರೂ ಕಾಲು ಎತ್ತಬೇಡಿ" ಎಂದರು ಟೀಚರಮ್ಮ ಹಿಂದಿನಿಂದ. ಇಡೀ ಯಾರ್ಡು ಎಂಟನೆಯ ಕ್ಲಾಸಾಯಿತು.

"ಮೊಟ್ಟೆ ನಾನು ಹುಡುಕ್ತೀನಿ" ಎಂದರು ಸಾಹುಕಾರರು ಪಿಸುಮಾತಿನಲ್ಲಿ. "ಕಲ್ಲು ಯಾವುದು, ಕಲ್ಲಲ್ಲದ್ದು ಯಾವುದು ಅಂತ ನನಗೆ ಗೊತ್ತಾಗಲ್ವಾ?" ನಿಂತಲ್ಲೇ ಬಗ್ಗಿ ನೋಡಿದರು, ಕಣ್ಣು ಕಿರಿದು ಮಾಡಿ ನೋಡಿದರು. ಕಂಡದ್ದೆಲ್ಲ ಕಲ್ಲು. ಬದುಕಿಡೀ ಜಲ್ಲಿ ಮಾರಿದವರಿಗೆ ಜಲ್ಲಿ ಮೋಸ ಮಾಡುತ್ತಿತ್ತು.

ಟೀಚರಮ್ಮ ಎಲ್ಲರನ್ನೂ ಹೆಜ್ಜೆ ಮೇಲೆ ಹೆಜ್ಜೆ ಇಡಿಸುತ್ತ ಆಫೀಸು ಕೋಣೆಗೆ ಹಿಂದೆ ಕರೆತಂದು, ಕಿಟಕಿಯಲ್ಲಿ ದೂರದರ್ಶಕ ನಿಲ್ಲಿಸಿ ಕಣ್ಣಿಟ್ಟು ಕೂತರು. ಬೇಸಿಗೆಯ ಇಳಿಬಿಸಿಲು ರಾಶಿಯ ಮೇಲೆ ಬಿದ್ದಿತ್ತು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ತೊಟ್ಟಿಯ ನೀರು ಸೋರಿ ನಿಂತಿದ್ದ ಕೆಸರಿನ ಕಡೆಯಿಂದ ಪುಟುಪುಟು ಓಡುತ್ತ ಒಂದು ಮಣ್ಣುಬಣ್ಣದ ಚುಕ್ಕೆ ಬಂತು. ನಿಂತಿತು, ಓಡಿತು, ನಿಂತಿತು. ಲೋಡರಿನ ಹಲ್ಲಿನಿಂದ ಒಂದು ಮಾರು ದೂರದಲ್ಲಿ, ಏನೂ ಇಲ್ಲದ ಜಾಗದಲ್ಲಿ, ಮೈ ಅಲ್ಲಾಡಿಸಿ ಸರಿಮಾಡಿಕೊಂಡು ಕೂತುಬಿಟ್ಟಿತು.

"ಅಲ್ಲಿದೆ" ಎಂದರು ಟೀಚರಮ್ಮ. ಅಷ್ಟೇ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸಿದ್ದು ಕನ್ನಡಕವನ್ನು ಮಾತ್ರವಲ್ಲ. ಆಮೇಲೆ ಗಂಡನಿಗೆ ಜಾಗ ಬಿಟ್ಟುಕೊಟ್ಟರು.

ಸಾಹುಕಾರರು ನೋಡಿದರು. ಹಕ್ಕಿ ಒಮ್ಮೆ ಎದ್ದು ಮೊಟ್ಟೆಗಳನ್ನು ತಿರುಗಿಸಿತು. ನಾಲ್ಕು ಮೊಟ್ಟೆ, ಚೂಪು ತುದಿಗಳನ್ನೆಲ್ಲ ಒಳಮುಖವಾಗಿ ಜೋಡಿಸಿತ್ತು. ಜಲ್ಲಿಯದೇ ಬಣ್ಣ, ಜಲ್ಲಿಯದೇ ಚುಕ್ಕೆ. ಯಾವ ಮೇಸ್ತ್ರಿಯೂ ಬೇಡವೆಂದ ಕಲಬೆರಕೆಯೇ ಅದಕ್ಕೆ ಬೇಕಾಗಿತ್ತು. ಒಂದೇ ಅಳತೆಯ ಹೊಸ ಜಲ್ಲಿಯಲ್ಲಾಗಿದ್ದರೆ ಆ ಮೊಟ್ಟೆಗಳು ಎದ್ದು ಕಾಣುತ್ತಿದ್ದವು. ಕೊರಳಲ್ಲಿ ಕಪ್ಪು ಪಟ್ಟಿ ಸ್ಪಷ್ಟವಾಗಿತ್ತು. ಆಮೇಲೆ ಸಾಹುಕಾರರು ಮೊದಲೇ ನೋಡಬೇಕಿದ್ದ ಜಾಗವನ್ನು ನೋಡಿದರು: ಕಣ್ಣು. ಸುತ್ತಲೂ ಹಳದಿ ಉಂಗುರ, ಒಳಗೆ ಅಪ್ಪಟ ವ್ಯಾಪಾರಿಯ ಹೊಳಪು.

"ಏನು ಗಟ್ಟಿಗಿತ್ತಿ ಇವಳೇ" ಎಂದರು ಸಾಹುಕಾರರು. "ನಾನು ಚಾಪೆ ಕೆಳಗೆ ನುಸುಳಿದರೆ ಇವಳು ರಂಗೋಲಿ ಕೆಳಗೆ ನುಸುಳ್ತಾಳೆ. ಇರೋದು ಹಿಡಿಯಷ್ಟು. ನನ್ನಂಥವನನ್ನು ನನ್ನ ಯಾರ್ಡಲ್ಲೇ ನೀರಿಗೆ ಕೆಡವಿದಳಲ್ಲ, ಭೇಷ್."

ಅಷ್ಟರಲ್ಲಿ ಗೇಟಿನಲ್ಲಿ ಗಾಡಿಯ ಸದ್ದಾಯಿತು. ಲೋಡು ಯಾಕೆ ಬರಲಿಲ್ಲವೆಂದು ಕೇಳಲು ಮನೆಗೆ ಬಂದಿದ್ದ ಭಾವಮೈದುನ, ಅಲ್ಲಿದ್ದ ಸಾಹುಕಾರರ ತಾಯಿಯನ್ನೂ ಕರೆದುಕೊಂಡು ಇಲ್ಲಿಗೇ ಬಂದಿದ್ದ. ತಾಯಿ ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿ, ಸಮಾಧಾನವಾಗಿ ಕುರ್ಚಿಯಲ್ಲಿ ಕೂತರು.

"ಅಮ್ಮ, ತೀರ್ಪು ಹೇಳು" ಎಂದರು ಸಾಹುಕಾರರು. "ಯಾರ್ಡು ನನ್ನದು, ರಾಶಿ ನನ್ನದು, ಹಕ್ಕಿ ಮೊದಲು ಕಂಡವನೂ ನಾನೇ."

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದರಂತೆ" ಎಂದರು ತಾಯಿ. "ನೀನು ಹಕ್ಕಿನ ಹುಡುಕಲಿಲ್ಲ ಕಣೋ, ಹಕ್ಕಿನೇ ನಿನ್ನ ಹುಡುಕ್ಕೊಂಡು ಬಂತು. ಬಂದಾಗಲೂ ನಿನಗೆ ಗುರುತು ಸಿಗಲಿಲ್ಲ. ಗೂಡು ಕಂಡದ್ದು ಅವಳು. ಸ್ಟ್ಯಾಂಡು ಹೊರು."

"ಅದೆಲ್ಲ ಸರಿ ಭಾವ" ಎಂದ ಭಾವಮೈದುನ. "ಸೋಮವಾರ ನನ್ನ ತಾರಸಿ. ಜಲ್ಲಿ ಯಾವ ರಾಶಿಯಿಂದ ತುಂಬಿಸ್ತಿದೀರಿ?"

ಸಾಹುಕಾರರು ಕೆಮ್ಮಿದರು. ಆದರೆ ಲೋಡರಿನ ಡ್ರೈವರು ವಿಧೇಯ ಮನುಷ್ಯ. ಕೇಳಿದ್ದಕ್ಕೆ ಉತ್ತರ ಕೊಡುವವನು. "ಇದೇ ಹಳೇ ರಾಶಿ ಸಾರ್. ಇದನ್ನು ಪೂರ್ತಿ ನಿಮಗೇ ಕಳಿಸಿ ಮೂಲೆ ಖಾಲಿ ಮಾಡು ಅಂದ್ರು ಸಾಹುಕಾರ್ರು."

ಟೀಚರಮ್ಮನ ಕನ್ನಡಕ ನಿಧಾನವಾಗಿ ಮೂಗಿನ ತುದಿಗೆ ಜಾರತೊಡಗಿತು.

"ಅಯ್ಯಮ್ಮಾ" ಎಂದು ನರಳಿದರು ಸಾಹುಕಾರರು. "ಕಾಲು! ಸತ್ತೇ ಹೋಯ್ತು ಕಾಲು. ಇವಳೇ, ನಡಿ ಮನೆಗೆ, ಒಂದು ಚೂರು ಮುಲಾಮು..." ಎನ್ನುತ್ತ ಒಂದು ಪಕ್ಕಕ್ಕೆ ವಾಲಿ, ಕಾಲೆಳೆಯುತ್ತ, ಕೋಣೆಯಿಂದ ಹೊರಬಿದ್ದು ಗೇಟಿನ ಕಡೆಗೆ ಕುಂಟಿದರು. ಎರಡು ಹೆಜ್ಜೆ ಹೋಗಿ ನರಳಿದರು. ಮತ್ತೆರಡು ಹೆಜ್ಜೆ ಹೋಗಿ, ಹಿಂದೆ ಯಾರಾದರೂ ಬರುತ್ತಿದ್ದಾರೋ ಎಂದು ತಿರುಗಿ ನೋಡಿದರು.

ಯಾರೂ ಬರುತ್ತಿರಲಿಲ್ಲ. ಟೀಚರಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

"ರೀ, ಮನೇಲಿ ಮುಲಾಮು ಹಚ್ಚಿದ್ದು ಎಡಗಾಲಿಗೆ" ಎಂದರು. "ಈಗ ಬಲಗಾಲು ಕುಂಟ್ತಿದೆ. ನೋವು ಆ ಕಾಲಿನಿಂದ ಈ ಕಾಲಿಗೆ ವರ್ಗವಾಯ್ತಾ?"

ಸಾಹುಕಾರರು ನಿಂತರು. ಎರಡೂ ಕಾಲುಗಳನ್ನು ನೆಟ್ಟಗೆ ನೆಲಕ್ಕೂರಿದರು. ಡ್ರೈವರಿನ ಕಡೆ ತಿರುಗಿ, "ಮುಂದಿನ ಹೊಸ ರಾಶಿಯಿಂದ ತುಂಬಪ್ಪಾ. ಆರಿಸಿ ತುಂಬು" ಎಂದರು ತಗ್ಗಿದ ಧ್ವನಿಯಲ್ಲಿ.

ಟೀಚರಮ್ಮ ದೂರದರ್ಶಕ ಬಿಚ್ಚಿಕೊಂಡು, ಮೂರು ಕಾಲಿನ ಸ್ಟ್ಯಾಂಡನ್ನು ತಂದು ಗಂಡನ ಹೆಗಲಿಗೆ ಏರಿಸಿದರು.

"ನಾಳೆ ಭಾನುವಾರ. ಬೆಳಗಾಗೋ ಮುಂಚೆ ಇಲ್ಲಿಗೇ ಬರೋಣ. ಎಷ್ಟೇ ಆತುರ ಆದ್ರೂ ಆ ಹಕ್ಕಿ ಶುರು ಮಾಡಿದ ರೆಕ್ಕೆನೇ ಕೊನೇವರೆಗೂ ಮುರ್ಕೊಂಡಿರುತ್ತೆ. ಹತ್ರ ಕೂತು ಸರಿಯಾಗಿ ನೋಡಿ ಕಲೀರಿ. ಮಾತಾಡದೆ."